ದನಗಾಹಿಯ ಸಾರು, ಧಣಿಗಳ ದೇಶ

ದನ ಕಾಯೋನ ಹೆಸರು ಹೊತ್ತ ಸಾರೊಂದನ್ನು ದೇಶಕ್ಕೆ ದೇಶವೇ ಎದೆ ತಟ್ಟಿಕೊಂಡು 'ಇದು ನಮ್ಮದು' ಅನ್ನುವುದನ್ನು ಎಲ್ಲಾದರೂ ಕೇಳಿದ್ದೀರಾ? ಹಂಗೇರಿಯಲ್ಲಿ ನಡೆದಿದೆ. ನಾವು ಗುಲಾಶ್ ಅಂತ ಕೇಳಿದ್ದೇವಲ್ಲ, ಅದನ್ನು ಅಲ್ಲಿಯವರು ಗುಯಾಶ್ ಅನ್ನುತ್ತಾರೆ. ಗುಯಾ ಅಂದರೆ ದನದ ಹಿಂಡು. ಗುಯಾಶ್ ಅಂದರೆ ಆ ಹಿಂಡು ಕಾಯುವ ಆಳು. ಅವನು ಬಯಲಿನಲ್ಲಿ ಮೂರು ಕೋಲು ನಿಲ್ಲಿಸಿ, ಬೊಗ್ರಾಚ್ ಎಂಬ ಪಾತ್ರೆಯನ್ನು ನೇತುಹಾಕಿ, ಕೆಳಗೆ ಬೆಂಕಿ ಹಾಕಿ ಬೇಯಿಸಿಕೊಂಡ ದನದ ಬಾಡು ಅದು. ಮೊದಮೊದಲು ಅದರ ಹೆಸರೇ 'ದನಗಾಹಿಯ ಮಾಂಸ' ಅಂತ ಇತ್ತು. ಆಮೇಲೆ ಮಾಂಸ ಅನ್ನುವುದು ಬಿದ್ದುಹೋಗಿ ದನಗಾಹಿ ಮಾತ್ರ ಉಳಿದ. ಈವತ್ತು ಬುಡಾಪೆಸ್ಟಿನ ಹೋಟೆಲುಗಳಲ್ಲಿ ಪ್ರವಾಸಿಗಳು ಆ ಹೆಸರು ಕರೆದೇ ಉಣ್ಣುತ್ತಾರೆ. ಹೆಸರು ಉಳಿಯಿತು ಸರಿ, ಆ ಮನುಷ್ಯ ಎಲ್ಲಿ ಹೋದ?

ಹಂಗೇರಿಯ ನಡುವೆ ಹಬ್ಬಿಕೊಂಡಿರುವುದು ಆಲ್‌ಫೋಲ್ಡ್ ಎಂಬ ಮಹಾ ಬಯಲು. ಅಲ್ಲಿನ ದನ ಬೂದು ಬಣ್ಣದವು, ಉದ್ದ ಕೋಡಿನವು. ನೂರಾರು ವರ್ಷ ಅವನ್ನು ವಿಯೆನ್ನಾ, ನ್ಯೂರೆಂಬರ್ಗ್, ವೆನಿಸ್‌ನ ಸಂತೆಗಳಿಗೆ ಕಾಲ್ನಡಿಗೆಯಲ್ಲೇ ಹೊಡೆದುಕೊಂಡು ಹೋಗುತ್ತಿದ್ದರು. ದುಡ್ಡು ಧಣಿಗೂ ದಲ್ಲಾಳಿಗೂ. ದಾರಿಯ ಧೂಳು ದನಗಾಹಿಗೆ. ಯುರೋಪಿನ ಪಟ್ಟಣಗಳ ಹೊಟ್ಟೆ ತುಂಬಿಸಿದ ಈ ಮನುಷ್ಯ ತನ್ನ ದೇಶದ ಕಾನೂನಿನ ಲೆಕ್ಕದಲ್ಲಿ 'ಜನ' ಆಗಿರಲಿಲ್ಲ. ಇದು ನಾನು ಸಿಟ್ಟಿನಿಂದ ಹೇಳಿದ ಮಾತಲ್ಲ, ಅವರ ಕಾನೂನು ಪುಸ್ತಕದಲ್ಲೇ ಬರೆದಿಟ್ಟಿದ್ದು.

ಆ ಪುಸ್ತಕ ಬರೆದವನು ವೆರ್ಬೋತ್ಸಿ ಇಸ್ತ್ವಾನ್ ಎಂಬ ವಕೀಲ. (ಹಂಗೇರಿಯವರು ಮನೆತನದ ಹೆಸರನ್ನು ಮೊದಲು ಹೇಳುತ್ತಾರೆ, ಸ್ವಂತ ಹೆಸರು ಆಮೇಲೆ.) ಪುಸ್ತಕದ ಹೆಸರು ತ್ರಿಪಾರ್ತಿತುಮ್, ಮೂರು ಭಾಗದ್ದು ಅಂತ ಅರ್ಥ. 1514ರಲ್ಲಿ ಸಿದ್ಧವಾಗಿ 1517ರಲ್ಲಿ ವಿಯೆನ್ನಾದಲ್ಲಿ ಅಚ್ಚಾಯಿತು. ಅದರಲ್ಲಿ ಒಂದು ಕಡೆ 'ಜನ' ಎಂಬ ಪದಕ್ಕೆ ಅರ್ಥ ಹೇಳಿದ್ದಾನೆ. ಜನ ಅಂದರೆ ಬಿಷಪ್ಪರು, ದೊಡ್ಡ ಪ್ರಭುಗಳು, ಕುಲೀನರು. ಕುಲೀನರಲ್ಲದವರು ಈ ಮಾತಿನೊಳಗೆ ಸೇರುವುದಿಲ್ಲ. ಇನ್ನೊಂದು ಕಡೆ ಬರೆಯುತ್ತಾನೆ: ಒಕ್ಕಲಿಗೆ ಅವನು ದುಡಿದದ್ದಕ್ಕೆ ಕೂಲಿ ಬಿಟ್ಟರೆ ಧಣಿಯ ಭೂಮಿಯ ಮೇಲೆ ಯಾವ ಹಕ್ಕೂ ಇಲ್ಲ. ದೇಶದಲ್ಲಿ ಕುಲೀನರಿದ್ದದ್ದು ನೂರಕ್ಕೆ ಐದರಷ್ಟು ಮಂದಿ. ಅಂದರೆ ತೊಂಬತ್ತೈದು ಮಂದಿ ಉಳುತ್ತಾರೆ, ಕಾಯುತ್ತಾರೆ, ಹೊರುತ್ತಾರೆ, ಆದರೆ ಅವರು ಜನ ಅಲ್ಲ. ಸಭೆ ಈ ಪುಸ್ತಕವನ್ನು ಒಪ್ಪಿಕೊಂಡರೂ ರಾಜ ಅದನ್ನು ವಿಧಿಪೂರ್ವಕವಾಗಿ ಜಾರಿ ಮಾಡಲಿಲ್ಲ. ಆದರೇನಂತೆ? 1848ರವರೆಗೆ ನ್ಯಾಯಾಲಯಗಳು ಇದನ್ನೇ ಶಾಸ್ತ್ರ ಅಂತ ಹಿಡಿದುಕೊಂಡು ತೀರ್ಪು ಕೊಟ್ಟವು. ಮನುವಿಗೆ ಯಾವ ರಾಜನ ರುಜು ಬೇಕಾಗಿತ್ತು?

ಈ ಪುಸ್ತಕ ಹುಟ್ಟಿದ ವರ್ಷವೇ ಬೇರೆಯದೊಂದು ಕತೆ ಹೇಳುತ್ತದೆ. 1514ರ ಏಪ್ರಿಲಿನಲ್ಲಿ ಹಂಗೇರಿಯ ದೊಡ್ಡ ಧರ್ಮಾಧಿಕಾರಿ ಬಾಕೋತ್ಸ್ ತಮಾಶ್, ತುರ್ಕರ ಮೇಲೆ ಧರ್ಮಯುದ್ಧಕ್ಕೆ ಬನ್ನಿ ಅಂತ ಪೋಪನ ಹೆಸರಿನಲ್ಲಿ ಡಂಗುರ ಹೊಡೆಸಿದ. ಈ ಬಾಕೋತ್ಸ್ ಹುಟ್ಟಿದ್ದು ಒಕ್ಕಲಾಳಿನ ಮನೆಯಲ್ಲಿ. ಅಪ್ಪ ಗಾಡಿ ಚಕ್ರ ಮಾಡುತ್ತಿದ್ದವನು. ಮಗ ಏರಿ ಏರಿ ಹಿಂದಿನ ವರ್ಷ ಪೋಪನ ಪೀಠಕ್ಕೇ ನಿಂತು ಸೋತು ಬಂದಿದ್ದ. ಮೇಲೆ ಹೋದವನು ಏಣಿಯನ್ನು ತನ್ನ ಜೊತೆಗೇ ಎಳೆದುಕೊಂಡು ಹೋಗಿದ್ದ, ಅದಿರಲಿ.

ಕರೆ ಕೇಳಿ ಬಂದವರು ಪ್ರಭುಗಳಲ್ಲ. ಬಂದವರು ಒಕ್ಕಲುಗಳು, ದನಗಾಹಿಗಳು, ಬಡ ಪಾದ್ರಿಗಳು, ಓದು ಬಿಟ್ಟ ಹುಡುಗರು. ಪೆಸ್ಟ್ ಪಟ್ಟಣದ ಪಕ್ಕದ ರಾಕೋಶ್ ಬಯಲಿನಲ್ಲಿ ಸಾವಿರ ಸಾವಿರ ಮಂದಿ ನೆರೆದರು. ಅವರಿಗೆ ದಂಡನಾಯಕನಾದವನು ದೋಜಾ ಗ್ಯೊರ್ಗಿ, ಗಡಿಸೀಮೆಯ ಸೇಕೆಯ್ ಜನದವನು, ಕುದುರೆ ಸವಾರ. ಈಗ ಧಣಿಗಳ ಎದೆಯಲ್ಲಿ ನಡುಕ ಶುರುವಾಯಿತು. ಬಿತ್ತನೆ, ಕಟಾವಿನ ಕಾಲದಲ್ಲಿ ಆಳುಗಳು ಕೈಯಲ್ಲಿ ಆಯುಧ ಹಿಡಿದು ಹೊರಟರೆ ಹೊಲಕ್ಕೆ ಯಾರು? ಹೋಗುವವರನ್ನು ಹಿಡಿದು ಕಟ್ಟಿದರು. ಹೋದವರ ಹೆಂಡಿರು ಮಕ್ಕಳನ್ನು ಹೊಡೆದರು. ಮೇ ತಿಂಗಳಲ್ಲಿ ಧರ್ಮಯುದ್ಧ ರದ್ದು, ಎಲ್ಲರೂ ಮನೆಗೆ ನಡೀರಿ ಅಂತ ಅಪ್ಪಣೆಯಾಯಿತು. ಮನೆಗೆ ಹೋದರೆ ಏನು ಕಾದಿದೆ ಅಂತ ಅವರಿಗೆ ಗೊತ್ತಿತ್ತು. ಹೋಗಲಿಲ್ಲ. ತುರ್ಕರ ಕಡೆ ತಿರುಗಬೇಕಿದ್ದ ದಂಡು ಧಣಿಗಳ ಮನೆಗಳ ಕಡೆ ತಿರುಗಿತು. ಬಯಲು ಸೀಮೆಯುದ್ದಕ್ಕೂ ಕೋಟೆಮನೆಗಳು ಉರಿದವು. ಚನಾದ್‌ನ ಬಿಷಪ್ಪನನ್ನು ಶೂಲಕ್ಕೇರಿಸಿದರು. ಸಿಟ್ಟು ಲೆಕ್ಕ ಹಾಕಿ ಹೊರಡುವುದಿಲ್ಲ. ಅವರು ಮಾಡಿದ್ದನ್ನು ಮುಚ್ಚಿಡುವುದೂ ಬೇಡ.

ಜುಲೈನಲ್ಲಿ ತೆಮೆಶ್ವಾರ್ ಕೋಟೆಯ ಮುಂದೆ ಅವರು ಸೋತರು. ಈಗ ಆ ಊರು ರುಮೇನಿಯಾದಲ್ಲಿದೆ. ಸೋಲಿಸಿದವನು ಟ್ರಾನ್ಸಿಲ್ವೇನಿಯಾದ ಅಧಿಪತಿ ಜಾಪೋಯೈ ಯಾನೋಶ್. ದೋಜಾನಿಗೆ ಕೊಟ್ಟ ಶಿಕ್ಷೆಯನ್ನು ಆ ಕಾಲದ ಚರಿತ್ರೆಕಾರರು ಬರೆದಿಟ್ಟಿದ್ದಾರೆ. 'ರಾಜ ಆಗಬೇಕಿತ್ತಲ್ಲ, ತಗೋ' ಅನ್ನುವ ಹಾಗೆ ಕಬ್ಬಿಣದ ಸಿಂಹಾಸನ ಕಾಯಿಸಿ ಕೂರಿಸಿದರು. ಕೆಂಪಗೆ ಕಾದ ಕಿರೀಟವನ್ನು ತಲೆಗಿಟ್ಟರು. ದಿನಗಟ್ಟಲೆ ಉಪವಾಸ ಕೆಡವಿದ್ದ ಅವನ ಸಂಗಡಿಗರನ್ನು ತಂದು, ಅವನ ಮೈಯ ಮಾಂಸವನ್ನು ಕಚ್ಚಿ ತಿನ್ನಿ ಅಂದರು. ಒಲ್ಲೆ ಅಂದವರನ್ನು ಅಲ್ಲೇ ಕಡಿದರು. ಬಯಲಿನ ಬಡವರ ಮಾಂಸದ ಅಡುಗೆಯ ಬಗ್ಗೆ ಬರೆಯಲು ಕೂತವನಿಗೆ ಧಣಿಗಳು ಬಡಿಸಿದ ಈ ಊಟವನ್ನು ಬಿಟ್ಟು ಮುಂದೆ ಹೋಗಲು ಮನಸ್ಸು ಬರಲಿಲ್ಲ.

ಅದೇ ವರ್ಷ ಕೂಡಿದ ಪ್ರಭುಗಳ ಸಭೆ ಸೇಡು ತೀರಿಸಿಕೊಂಡಿತು. ಒಕ್ಕಲಾಳು ಒಬ್ಬ ಧಣಿಯ ಭೂಮಿ ಬಿಟ್ಟು ಇನ್ನೊಬ್ಬನಲ್ಲಿಗೆ ಹೋಗುವ ಹಾಗಿಲ್ಲ, ಅವನೂ ಅವನ ಮಕ್ಕಳೂ ಮೊಮ್ಮಕ್ಕಳೂ ಎಂದೆಂದಿಗೂ ಧಣಿಗೆ ಕಟ್ಟುಬಿದ್ದವರು. ವಾರಕ್ಕೊಂದು ದಿನ ಬಿಟ್ಟಿ ಚಾಕರಿ. ಬೆಳೆಯಲ್ಲಿ ಒಂಬತ್ತರಲ್ಲೊಂದು ಪಾಲು ಧಣಿಗೆ, ಹತ್ತರಲ್ಲೊಂದು ಚರ್ಚಿಗೆ. ಮೇಲೆ ಕೋಳಿ, ಬಾತು ಬೇರೆ. ವಾರಕ್ಕೊಂದು ದಿನ ಅಂದದ್ದು ಮುಂದೆ ಎರಡಾಯಿತು, ಮೂರಾಯಿತು. ಹನ್ನೆರಡು ವರ್ಷ ಕಳೆದು, 1526ರ ಆಗಸ್ಟ್ 29ರಂದು, ಮೊಹಾಚ್ ಬಯಲಿನಲ್ಲಿ ಸುಲ್ತಾನ್ ಸುಲೇಮಾನನ ದಂಡು ಹಂಗೇರಿಯ ಸೈನ್ಯವನ್ನು ಕೆಲವೇ ಗಂಟೆಗಳಲ್ಲಿ ಮುಗಿಸಿತು. ಓಡಿಹೋಗುವಾಗ ರಾಜ ಹಳ್ಳದಲ್ಲಿ ಬಿದ್ದು ಸತ್ತ. ಆ ಸೋಲಿಗೆ ಹಂಗೇರಿಯಲ್ಲಿ ಈಗಲೂ ಕಣ್ಣೀರು ಹಾಕುತ್ತಾರೆ. ತುರ್ಕರ ಮೇಲೆ ಹೋಗುತ್ತೇವೆ ಅಂತ ತಾವಾಗಿ ಬಂದ ಸಾವಿರಾರು ಮಂದಿಯನ್ನು ಕೊಂದು ಹನ್ನೆರಡೇ ವರ್ಷವಾಗಿತ್ತು ಅನ್ನುವುದನ್ನು ಆ ಕಣ್ಣೀರಿನ ಜೊತೆಗೆ ನೆನೆಯಬೇಕು.

ಈಗ ಸಾರಿನ ಪಾತ್ರೆಗೆ ವಾಪಸು ಬರೋಣ. ತುರ್ಕರು ಬಂದು ಹೋದರು. ದೇಶ ಆಸ್ಟ್ರಿಯಾದ ಹ್ಯಾಬ್ಸ್‌ಬರ್ಗ್ ಚಕ್ರವರ್ತಿಗಳ ಕೈಗೆ ಬಂತು. 1780ರಲ್ಲಿ ಪಟ್ಟಕ್ಕೆ ಬಂದ ಎರಡನೆಯ ಜೋಸೆಫ್ ಒಂದು ವಿಚಿತ್ರ ಮನುಷ್ಯ. ಅವಸರದವನು, ಯಾರ ಮಾತೂ ಕೇಳದವನು. 1784ರಲ್ಲಿ ಆಡಳಿತಕ್ಕೆ ಲ್ಯಾಟಿನ್ ಸಾಕು, ಇನ್ನು ಮೇಲೆ ಜರ್ಮನ್ ಅಂದ. ಹಂಗೇರಿಯ ಕಿರೀಟವನ್ನು ವಿಯೆನ್ನಾಕ್ಕೆ ಸಾಗಿಸಿದ. ಕುಲೀನರ ಭೂಮಿಯನ್ನೂ ಅಳೆಸಲು ಹೊರಟ. ಅಳೆದರೆ ಕಂದಾಯ ಬೀಳುತ್ತದೆ, ಅದುವರೆಗೂ ಅವರಿಗೆ ಕಂದಾಯವೇ ಇರಲಿಲ್ಲ. 1785ರಲ್ಲಿ ಇನ್ನೊಂದು ಆಜ್ಞೆ ಹೊರಡಿಸಿದ: ಒಕ್ಕಲಾಳು ಬೇಕಾದಲ್ಲಿಗೆ ಹೋಗಬಹುದು, ತನಗೆ ಬೇಕಾದವರನ್ನು ಮದುವೆಯಾಗಬಹುದು, ಮಕ್ಕಳಿಗೆ ಓದು, ಕಸುಬು ಕಲಿಸಬಹುದು. 1514ರ ಹಗ್ಗವನ್ನು ಬಿಚ್ಚಿದವನು ಹೊರಗಿನ ರಾಜ. ಅದಕ್ಕೂ ಮುಂಚೆ ಟ್ರಾನ್ಸಿಲ್ವೇನಿಯಾದಲ್ಲಿ ಹೋರಿಯಾ, ಕ್ಲೋಷ್ಕಾ ಎಂಬ ಒಕ್ಕಲುಗಳು ದಂಗೆ ಎದ್ದು ಚಕ್ರಕ್ಕೆ ಕಟ್ಟಿಸಿಕೊಂಡು ಮೂಳೆ ಮುರಿಸಿಕೊಂಡಿದ್ದರು. ಅವರ ಪ್ರಾಣ ಹೋದ ವರ್ಷವೇ ಈ ಆಜ್ಞೆ ಬಂದದ್ದು. ಬರೀ ರಾಜನ ಒಳ್ಳೆಯತನ ಅಂತ ತಿಳಿಯಬೇಡಿ.

ಕುಲೀನರು ಉರಿದೆದ್ದರು. 'ನಮ್ಮ ದೇಶ ಹೋಯಿತು, ನಮ್ಮ ನುಡಿ ಹೋಯಿತು' ಅಂದರು. ಸಭೆಯಲ್ಲಿ ಅವರು ಆಡುತ್ತಿದ್ದದ್ದು ಲ್ಯಾಟಿನ್. ಹಂಗೇರಿಯನ್ ಆಡುತ್ತಿದ್ದವರು ಆಳುಗಳು. ಈಗ ಒಮ್ಮೆಗೇ ಎಲ್ಲ ಹಂಗೇರಿಯದ್ದೂ ಬೇಕಾಯಿತು. ಹಳೆಯ ಹಂಗೇರಿ ಉಡುಪು ಹೊಲಿಸಿಕೊಂಡರು, ಮೀಸೆ ಬಿಟ್ಟರು, ಕತ್ತಿ ಕಟ್ಟಿಕೊಂಡರು. ಆದರೆ ಅವರ ಊಟದ ಮೇಜಿನ ಮೇಲಿದ್ದದ್ದು ಫ್ರೆಂಚರ, ಜರ್ಮನರ ಅಡುಗೆ. ವಿಯೆನ್ನಾದವರಿಗೆ ತೋರಿಸಲು 'ಇದು ಬರೀ ನಮ್ಮದು' ಅನ್ನುವಂಥ ಊಟ ಯಾವುದಿದೆ ಅಂತ ಹುಡುಕಿದರೆ ಸಿಕ್ಕಿದ್ದು ಬಯಲಿನ ದನಗಾಹಿಯ ಪಾತ್ರೆ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಗುಯಾಶ್ ಧಣಿಗಳ ಮನೆಯ ಮೇಜು ಹತ್ತಿದ್ದು ಹೀಗೆ. ನೋಡಿ, ಎಂಥ ಚಂದದ ಆಟ! ದನಗಾಹಿಯ ಅಣ್ಣತಮ್ಮಂದಿರ ಕಟ್ಟು ಬಿಚ್ಚಿದ ರಾಜನ ಮೇಲೆ ಸಿಟ್ಟಿಗೆ ದನಗಾಹಿಯ ಸಾರನ್ನು ಬಾವುಟ ಮಾಡಿಕೊಂಡರು. ಸಾರು ರಾಷ್ಟ್ರದ್ದಾಯಿತು. ಕಾಯಿಸಿದವನು ರಾಷ್ಟ್ರದ ಹೊರಗೇ ಉಳಿದ. 1790ರಲ್ಲಿ ಜೋಸೆಫ್ ಸಾಯುವ ಹೊತ್ತಿನಲ್ಲಿ ತನ್ನ ಆಜ್ಞೆಗಳನ್ನೆಲ್ಲ ಹಿಂತೆಗೆದುಕೊಂಡ. ಉಳಿಸಿದ್ದು ಒಂದೆರಡು. ಅದರಲ್ಲಿ ಒಂದು ಒಕ್ಕಲಾಳುಗಳದ್ದು.

ಸಾರಿಗೆ ಕೆಂಪು ಬಣ್ಣ ಬಂದದ್ದೂ ಬಡವರಿಂದಲೇ. ಕರಿಮೆಣಸು ನಮ್ಮ ಮಲಬಾರು, ಗೇರುಸೊಪ್ಪೆಯ ಕಡೆಯಿಂದ ಹಡಗು ಹತ್ತಿ ಹೋಗುತ್ತಿತ್ತು. ಯುರೋಪಿನಲ್ಲಿ ಅದು ಉಳ್ಳವರ ಮನೆಯ ಮಾತು. ಅಮೆರಿಕಾ ಖಂಡದ ಮೆಣಸಿನಕಾಯಿ ತುರ್ಕರ ಮೂಲಕ ಹಂಗೇರಿಗೆ ಬಂದಾಗ ಅದನ್ನು 'ತುರ್ಕಿ ಮೆಣಸು' ಅಂದರು. ಹಿತ್ತಲಲ್ಲಿ ಹಾಕಿದರೆ ಬೆಳೆಯುತ್ತದೆ, ಕಾಸು ಬೇಡ. ಒಕ್ಕಲುಗಳು, ದನಗಾಹಿಗಳು ಹಿಡಿದುಕೊಂಡರು. ಬಹಳ ಕಾಲ ಧಣಿಗಳು ಮುಟ್ಟಲಿಲ್ಲ. ಅದೇ ಗಿಡ ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಕಡೆಗೂ ಬಂತು. ಬ್ಯಾಡಗಿ ಮೆಣಸಿನಕಾಯಿಯನ್ನು ಪಾಪ್ರಿಕಾದ ಜೊತೆ ಹೋಲಿಸುತ್ತಾರಲ್ಲ, ಬಣ್ಣ ಜಾಸ್ತಿ, ಖಾರ ಕಮ್ಮಿ ಅಂತ, ಅವೆರಡೂ ದಾಯಾದಿಗಳೇ.

ಸೆಗೆದ್, ಕಲೊಚಾ ಈ ಎರಡು ಊರು ಪಾಪ್ರಿಕಾಕ್ಕೆ ಹೆಸರುವಾಸಿ. ಹಣ್ಣಾದ ಕಾಯನ್ನು ದಾರಕ್ಕೆ ಪೋಣಿಸಿ ಮನೆಯ ಗೋಡೆಗೆ ಇಳಿಬಿಡುತ್ತಾರೆ. ಗೋಡೆಗೆ ಗೋಡೆಯೇ ಕೆಂಪು. ಚಿತ್ರ ತೆಗೆಯುವವರಿಗೆ ಬಲು ಚೆಂದ. ಖಾರ ಇರುವುದು ಕಾಯಿಯ ಒಳಗಿನ ಬಿಳಿ ನರದಲ್ಲಿ. ಖಾರವಿಲ್ಲದ ತಳಿಗಳು ಇಪ್ಪತ್ತನೆಯ ಶತಮಾನದಲ್ಲಿ ಬರುವ ತನಕ, ಪಟ್ಟಣದವರ ನಾಲಿಗೆಗೆ ಸಿಹಿ ಪುಡಿ ಬೇಕು ಅಂದರೆ ಒಣಗಿದ ಒಂದೊಂದು ಕಾಯನ್ನೂ ಸೀಳಿ ಆ ನರವನ್ನು ಕೈಯಿಂದ ಬಿಡಿಸಬೇಕಿತ್ತು. ಬಿಡಿಸುತ್ತಿದ್ದವರು ಹೆಂಗಸರು. ಶರತ್ಕಾಲದ ರಾತ್ರಿಗಳಲ್ಲಿ ನೆರೆಹೊರೆಯವರೆಲ್ಲ ಒಂದು ಮನೆಯಲ್ಲಿ ಕೂಡಿ, ಹಾಡು ಹೇಳುತ್ತ ಕತೆ ಹೇಳುತ್ತ ಸೀಳುತ್ತಿದ್ದರು ಅಂತ ಬರೆದಿದ್ದಾರೆ. ಹಾಡಿನ ಬಗ್ಗೆ ಬರೆದವರು ಕೈಯ ಉರಿಯ ಬಗ್ಗೆಯೂ ಎರಡು ಸಾಲು ಬರೆಯಬಹುದಿತ್ತು. ಬ್ಯಾಡಗಿಯಲ್ಲಿ ತೊಟ್ಟು ಬಿಡಿಸುವ ಹೆಣ್ಣಾಳುಗಳನ್ನು ಕೇಳಿ, ಮನೆಗೆ ಹೋಗಿ ಮಗುವಿನ ಮುಖ ಮುಟ್ಟಲು ಎಷ್ಟು ಹೊತ್ತು ಬೇಕು ಅಂತ ಹೇಳುತ್ತಾರೆ.

ಇದೇ ಸೆಗೆದ್‌ನಲ್ಲಿ ಪ್ರೊಫೆಸರಾಗಿದ್ದವನು ಸೆಂಟ್-ಗ್ಯೊರ್ಗಿ ಆಲ್ಬರ್ಟ್. ಒಂದು ರಾತ್ರಿ ಹೆಂಡತಿ ಊಟಕ್ಕೆ ಹಸಿ ಪಾಪ್ರಿಕಾ ಇಟ್ಟಳಂತೆ. ತಿನ್ನಲು ಮನಸ್ಸಿಲ್ಲ, ಬೇಡ ಅನ್ನಲು ಧೈರ್ಯವಿಲ್ಲ. ಪರೀಕ್ಷೆ ಮಾಡುತ್ತೇನೆ ಅಂತ ನೆಪ ಹೇಳಿ ಪ್ರಯೋಗಶಾಲೆಗೆ ಎತ್ತಿಕೊಂಡು ಹೋದನಂತೆ. ಅದರಲ್ಲಿ ಸಿ ಜೀವಸತ್ವ ಬೇಕಾದಷ್ಟು ಸಿಕ್ಕಿತು. 1937ರಲ್ಲಿ ನೊಬೆಲ್ ಬಹುಮಾನ ಬಂತು. ಕತೆಯನ್ನು ಹೇಳಿದವನು ಅವನೇ. ಬಡವರ ಮಸಾಲೆಯಲ್ಲಿ ಏನಿದೆ ಅಂತ ವಿಜ್ಞಾನಕ್ಕೆ ಗೊತ್ತಾಗಲು ಅಷ್ಟು ಕಾಲ ಹಿಡಿಯಿತು.

1848ರ ಮಾರ್ಚಿನಲ್ಲಿ ಯುರೋಪೆಲ್ಲ ಕ್ರಾಂತಿಯ ಗಾಳಿ. 15ನೇ ತಾರೀಕು ಪೆಸ್ಟ್‌ನಲ್ಲಿ ಹುಡುಗರು ಎದ್ದರು. ಮುಂದೆ ನಿಂತವನು ಕವಿ ಪೆತೋಫಿ ಶಾಂಡೋರ್. ಕಸಾಯಿಯ ಮಗ, ತಾಯಿ ಮನೆಗೆಲಸದವಳಾಗಿದ್ದವಳು, ವಯಸ್ಸು ಇಪ್ಪತ್ತೈದು. ಆಗ ಪ್ರಭುಗಳ ಸಭೆ ನಡೆಯುತ್ತಿದ್ದದ್ದು ಪೊಜೋನ್‌ನಲ್ಲಿ, ಈಗಿನ ಬ್ರಾಟಿಸ್ಲಾವಾದಲ್ಲಿ. ಅಲ್ಲಿಗೊಂದು ಸುದ್ದಿ ಮುಟ್ಟಿತು: ಪೆತೋಫಿ ನಲವತ್ತು ಸಾವಿರ ಒಕ್ಕಲುಗಳನ್ನು ಕಟ್ಟಿಕೊಂಡು ರಾಕೋಶ್ ಬಯಲಿನಲ್ಲಿ ನಿಂತಿದ್ದಾನೆ. ಬರೀ ಗಾಳಿಸುದ್ದಿ. ಅಲ್ಲಿ ಯಾರೂ ಇರಲಿಲ್ಲ. ಆದರೆ ರಾಕೋಶ್ ಅಂದ ಕೂಡಲೇ ಮುನ್ನೂರ ಮೂವತ್ತನಾಲ್ಕು ವರ್ಷದ ಹಿಂದೆ ಸುಟ್ಟು ಕೊಂದವನು ಎದ್ದು ಬಂದ ಹಾಗಾಗಿರಬೇಕು. ವರ್ಷಗಟ್ಟಲೆ ಎಳೆದಾಡುತ್ತಿದ್ದ ಮಸೂದೆಗಳು ಕೆಲವೇ ದಿನದಲ್ಲಿ ಪಾಸಾದವು. ಏಪ್ರಿಲ್ ಕಾನೂನುಗಳಲ್ಲಿ ಬಿಟ್ಟಿ ಚಾಕರಿ ಹೋಯಿತು, ಕುಲೀನರಿಗೂ ಕಂದಾಯ ಬಂತು. ನೂರಕ್ಕೆ ತೊಂಬತ್ತೈದು ಮಂದಿ ಕಾಗದದ ಮೇಲೆ ಜನರಾದರು. ಮುಂದಿನ ವರ್ಷ ಜುಲೈ 31ಕ್ಕೆ ಪೆತೋಫಿ ಯುದ್ಧಭೂಮಿಯಲ್ಲಿ ಕಾಣೆಯಾದ.

ಕಾಗದದ ಮೇಲೆ ಅಂದೆ. ಯಾಕಂದರೆ ಭೂಮಿ ಸಿಕ್ಕಿದ್ದು ತಮ್ಮ ಹೆಸರಿನಲ್ಲಿ ಒಕ್ಕಲು ಹಿಡುವಳಿ ಇದ್ದವರಿಗೆ. ಗುಡಿಸಲು ಮಾತ್ರ ಇದ್ದವರಿಗೆ, ಧಣಿಯ ಜಮೀನಿನಲ್ಲೇ ಹುಟ್ಟಿ ಅಲ್ಲೇ ದುಡಿಯುತ್ತಿದ್ದ ಆಳುಗಳಿಗೆ ಏನೂ ಇಲ್ಲ. ಇವರ ಬದುಕನ್ನು ಅಂಥದೇ ಮನೆಯಲ್ಲಿ ಹುಟ್ಟಿದ ಇಯ್ಯೇಶ್ ಗ್ಯೂಲಾ 1936ರಲ್ಲಿ 'ಪುಸ್ತಾಗಳ ಜನ' ಎಂಬ ಪುಸ್ತಕದಲ್ಲಿ ಬರೆದ. ಸಾಲುಮನೆ, ಹಲವು ಸಂಸಾರಕ್ಕೆ ಒಂದೇ ಅಡುಗೆಕೋಣೆ, ಕೂಲಿ ಅಂದರೆ ಕಾಳು, ಉಪ್ಪು, ಸೌದೆ. 1897ರಲ್ಲಿ ಸುಗ್ಗಿಯ ಕೂಲಿಗಳು ಮುಷ್ಕರ ಹೂಡಿದ್ದಕ್ಕೆ ಮರುವರ್ಷ ಕಾನೂನು ಬಂತು: ಕರಾರು ಮಾಡಿಕೊಂಡ ಕೂಲಿ ಕೆಲಸ ಬಿಟ್ಟರೆ ಪೊಲೀಸರು ಹಿಡಿದು ತಂದು ಹೊಲಕ್ಕೆ ಬಿಡಬಹುದು. ಜನ ಅದಕ್ಕಿಟ್ಟ ಹೆಸರು 'ಗುಲಾಮಿ ಕಾನೂನು'. ದೊಡ್ಡ ಜಮೀನುಗಳು ಒಡೆದದ್ದು 1945ರಲ್ಲಿ. ಸುಮಾರು ಆರೂವರೆ ಲಕ್ಷ ಮಂದಿಗೆ ಭೂಮಿ ಬಂತು.

ಅಲ್ಲೂ ಹೊರಗೆ ಉಳಿದವರಿದ್ದರು. ರೋಮಾಗಳು. ಬಹುಪಾಲು ರೋಮಾಗಳಿಗೆ 1945ರ ಹಂಚಿಕೆಯಲ್ಲಿ ತುಂಡು ನೆಲವೂ ದಕ್ಕಲಿಲ್ಲ. ಸಾರಿನ ಕತೆ ಮುಗಿದ ಕಡೆ ಪಿಟೀಲಿನ ಕತೆ ಶುರುವಾಗುತ್ತದೆ. ಹಂಗೇರಿಯ ಸಂಗೀತ ಅಂತ ಲೋಕ ಕೇಳಿದ್ದು ರೋಮಾಗಳು ನುಡಿಸಿದ್ದನ್ನು. ಬಿಹಾರಿ ಯಾನೋಶ್ ಎಂಬ ರೋಮಾ ಪಿಟೀಲುಗಾರ ವಿಯೆನ್ನಾದ ದೊರೆಗಳ ಮುಂದೆ ನುಡಿಸಿದ. ಕೈಗೆ ಪೆಟ್ಟಾದ ಮೇಲೆ 1827ರಲ್ಲಿ ಕಡುಬಡವನಾಗಿ ಸತ್ತ. ಆ ನಾದವನ್ನು ಕೇಳಿಯೇ ಲಿಸ್ಟ್ ತನ್ನ ಹಂಗೇರಿಯನ್ ರಾಪ್ಸೊಡಿಗಳನ್ನು ಕಟ್ಟಿದ. ನುಡಿಸುವವನು ಬೇಕು, ಅವನ ಹಾಗೆ ಬದುಕುವವನು ಬೇಡ. ಜೋಸೆಫನ ತಾಯಿ ಮರಿಯಾ ತೆರೇಸಾ ರೋಮಾಗಳ ಹೆಸರನ್ನೇ ಅಳಿಸಿ 'ಹೊಸ ಹಂಗೇರಿಯರು' ಅನ್ನಬೇಕೆಂದಳು. ಅವರವರಲ್ಲೇ ಮದುವೆ ಕೂಡದು ಅಂದಳು. ಮಕ್ಕಳನ್ನು ಕಿತ್ತು ಬೇರೆಯವರ ಮನೆಯಲ್ಲಿ ಬೆಳೆಸಲು ಅಪ್ಪಣೆ ಮಾಡಿದಳು. ಒಕ್ಕಲುಗಳ ಕಟ್ಟು ಬಿಚ್ಚಿದ ಮಗ, ರೋಮಾ ಭಾಷೆ ಆಡಿದವರಿಗೆ ಇಪ್ಪತ್ನಾಲ್ಕು ಏಟು ಅಂದ.

ಆ ಭಾಷೆ ಯಾವುದು? ನೀರಿಗೆ ಪಾನಿ, ಮೂಗಿಗೆ ನಾಖ್, ಕಿವಿಗೆ ಕಾನ್, ಎರಡಕ್ಕೆ ದೂಯ್, ಮನುಷ್ಯನಿಗೆ ಮನುಶ್. ಸಾವಿರ ವರ್ಷದ ಹಿಂದೆ ಇಂಡಿಯಾ ಬಿಟ್ಟವರ ನುಡಿ. 'ರೋಮ್' ಎಂಬ ಹೆಸರು 'ಡೊಂಬ' ಎಂಬ ಪದದಿಂದ ಬಂದದ್ದು ಅಂತ ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ನಮ್ಮ ಬೀದಿಯಲ್ಲಿ ಹಗ್ಗದ ಮೇಲೆ ನಡೆಯುತ್ತಿದ್ದ ದೊಂಬರ ಹೆಸರು ಅದು. ದೊಂಬರಾಟ ಅನ್ನುವುದನ್ನು ನಾವು ಬೈಗುಳ ಮಾಡಿಕೊಂಡೆವು. ಅದೇ ಪದ ಅಷ್ಟು ದೂರ ನಡೆದು ಹೋಗಿ ಅಲ್ಲಿ ಒಂದು ಜನ ತಮ್ಮನ್ನು ತಾವು ಕರೆದುಕೊಳ್ಳುವ ಹೆಸರಾಯಿತು. ಅವರ ಭಾಷೆಯಲ್ಲಿ ರೋಮ್ ಅಂದರೆ ಗಂಡಸು, ಗಂಡ.

1944ರಲ್ಲಿ ಅವರನ್ನು ಕೊಮಾರೊಮ್ ಕೋಟೆಗೆ ತುಂಬಿ, ಅಲ್ಲಿಂದ ಜರ್ಮನಿಯ ಶಿಬಿರಗಳಿಗೆ ಸಾಗಿಸಿದರು. 2008, 2009ರಲ್ಲಿ ಒಂದು ಗುಂಪು ರಾತ್ರಿ ಹೊತ್ತು ಊರಂಚಿನ ರೋಮಾ ಮನೆಗಳ ಮೇಲೆ ಬೆಂಕಿ ಬಾಟಲಿ ಎಸೆದು, ಗುಂಡು ಹಾರಿಸಿ ಆರು ಮಂದಿಯನ್ನು ಕೊಂದಿತು. ತಾತಾರ್‌ಸೆಂಟ್‌ಗ್ಯೊರ್ಗಿ ಎಂಬ ಹಳ್ಳಿಯಲ್ಲಿ ಸತ್ತವರು ಒಬ್ಬ ತಂದೆ ಮತ್ತು ಅವನ ಪುಟ್ಟ ಮಗ. ಉರಿಯುವ ಮನೆಯಿಂದ ಓಡಿ ಬರುವಾಗ ಹೊಡೆದದ್ದು. ಶಾಲೆಗಳ ಕತೆ ಬೇರೆ. ರೋಮಾ ಮಕ್ಕಳನ್ನು ಬುದ್ಧಿಮಾಂದ್ಯರು ಅಂತ ಚೀಟಿ ಅಂಟಿಸಿ ಬೇರೆ ಶಾಲೆಗೆ ತಳ್ಳುತ್ತಿದ್ದುದು ತಪ್ಪು ಅಂತ 2013ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ತೀರ್ಪು ಕೊಟ್ಟಿತು. ದ್ಯೊಂದ್ಯೋಶ್‌ಪತಾ ಎಂಬ ಊರಿನಲ್ಲಿ ರೋಮಾ ಮಕ್ಕಳನ್ನು ಬೇರೆ ಕೂರಿಸಿದ್ದಕ್ಕೆ ಪರಿಹಾರ ಕೊಡಿ ಅಂತ ಹಂಗೇರಿಯ ಸರ್ವೋಚ್ಚ ನ್ಯಾಯಾಲಯವೇ 2020ರಲ್ಲಿ ಹೇಳಿತು.

ಬೇರೆ ಬೆಂಚು ಅಂದ ಮೇಲೆ ನಮಗೆ ನೆನಪಾಗುವವರು ಯಾರು? ಅವರಿಗೂ ಅವರೇ ನೆನಪಾದರು. ಹಂಗೇರಿಯ ಈಶಾನ್ಯ ಮೂಲೆಯಲ್ಲಿ, ಗಣಿ, ಉಕ್ಕಿನ ಕಾರ್ಖಾನೆಗಳು ಮುಚ್ಚಿ ಕೂಲಿ ಇಲ್ಲದ ಸೀಮೆಯಲ್ಲಿ, ಶಾಯೋಕಜಾ ಎಂಬ ಹಳ್ಳಿ ಇದೆ. ಓರ್ಶೋಶ್ ಯಾನೋಶ್ ಎಂಬ ರೋಮಾ ಮತ್ತು ದೇರ್‌ದಾಕ್ ತಿಬೋರ್ ಎಂಬ ಸಮಾಜಶಾಸ್ತ್ರಜ್ಞ ಬಾಬಾಸಾಹೇಬರ ಬರಹ ಓದಿದರು, ಮಹಾರಾಷ್ಟ್ರಕ್ಕೆ ಬಂದು ಅಲ್ಲಿನ ಬೌದ್ಧರ ಕೇರಿಗಳನ್ನು ನೋಡಿ ಹೋದರು. ಹೋಗಿ ಜೈ ಭೀಮ್ ಅಂತಲೇ ಹೆಸರಿಟ್ಟು ಒಂದು ಬೌದ್ಧ ಸಮುದಾಯ ಕಟ್ಟಿದರು. ಮಧ್ಯದಲ್ಲೇ ಶಾಲೆ ಬಿಟ್ಟ ರೋಮಾ ಹುಡುಗ ಹುಡುಗಿಯರು ಮತ್ತೆ ಓದಿ ಪ್ರೌಢಶಾಲೆಯ ಕೊನೆಯ ಪರೀಕ್ಷೆ ಕಟ್ಟಲಿ ಅಂತ 2007ರಲ್ಲಿ ಒಂದು ಶಾಲೆ ತೆರೆದರು. ಆ ಪರೀಕ್ಷೆ ಪಾಸಾಗದೆ ಅಲ್ಲಿ ಕಾಲೇಜಿಲ್ಲ.

ಶಾಲೆಗೆ ಡಾಕ್ಟರ್ ಅಂಬೇಡ್ಕರ್ ಅಂತ ಹೆಸರು. ಹಂಗೇರಿಯನ್ ಅಕ್ಷರದಲ್ಲಿ ಬರೆಯುವಾಗ ಮೊದಲ 'ಅ'ದ ಮೇಲೂ ನಡುವಿನ 'ಏ'ದ ಮೇಲೂ ಒಂದೊಂದು ಗೀಟು ಹಾಕುತ್ತಾರೆ. ಅವರ ಬಾಯಲ್ಲಿ ಅದು ಆಂಬೇದ್ಕರ್.